ಬೊಟ್ಟಿನ ಅಂಟು, ಕೂದಲ ಕಪ್ಪು

ಕೊಯಮತ್ತೂರಿನ ಗಣಪತಿಯಲ್ಲಿ, ಸತ್ಯಮಂಗಲ ರಸ್ತೆಯ ಆಚೀಚೆ ಇರುವ ಕನ್ನಡದ ಮನೆಗಳ ಅಕ್ಕತಂಗಿಯರಿಗೆ ಒಂದು ಮಾತು. ನಿಮ್ಮದು ಸೂಕ್ಷ್ಮ ಚರ್ಮವಾದರೆ ಹೊಸದೇನು ಹಚ್ಚಲಿ ಎನ್ನುವ ಮೊದಲು, ಈಗ ಹಚ್ಚುತ್ತಿರುವುದರಲ್ಲಿ ಯಾವುದನ್ನು ಬಿಡಲಿ ಎಂದು ನೋಡಿ.

ಹಣೆಯಿಂದಲೇ ಶುರುಮಾಡಿ. ಸ್ಟಿಕ್ಕರ್ ಬೊಟ್ಟಿನ ಅಂಟಿನಲ್ಲಿ ಪ್ಯಾರಾ ಟರ್ಷಿಯರಿ ಬ್ಯುಟೈಲ್ ಫಿನಾಲ್ ಎಂಬ ರಾಸಾಯನಿಕ ಇರುವುದುಂಟು. ಕೆಲವರಿಗೆ ಅದರಿಂದ ತುರಿಕೆ; ಕೆಲವರಿಗೆ ಬೊಟ್ಟಿನಷ್ಟೇ ಅಗಲಕ್ಕೆ ಚರ್ಮದ ಬಣ್ಣವೇ ಹೋಗಿ ಬಿಳಿ ಮಚ್ಚೆ. ರಾತ್ರಿ ಬೊಟ್ಟು ತೆಗೆದು ಮಲಗಿ. ತುರಿಸಿದರೆ ಪೂರ್ತಿ ಬಿಟ್ಟುಬಿಡಿ, ಬ್ರ್ಯಾಂಡ್ ಬದಲಿಸಿ ನೋಡೋಣ ಎನ್ನಬೇಡಿ. ಬಿಳಿ ಕಂಡರೆ ಚರ್ಮದ ವೈದ್ಯರಿಗೆ ತೋರಿಸಿ.

ಇನ್ನು ಕೂದಲು. ಬರೀ ಮದರಂಗಿ ಕೆಂಪೇ ಕೊಡುತ್ತದೆ. 'ಕಪ್ಪು ಮೆಹಂದಿ' ಎಂದು ಮಾರುವುದರಲ್ಲಿ ಹೆಚ್ಚಾಗಿ ಕೆಲವರ ಚರ್ಮಕ್ಕೆ ಆಗದ ಪಿಪಿಡಿ ಎಂಬ ಡೈ ಬೆರೆತಿರುತ್ತದೆ. ಪೊಟ್ಟಣದ ಮೇಲೆ ಎಲೆಯ ಚಿತ್ರವಿದ್ದರೆ ನಂಬಿಬಿಡುತ್ತೇವೆ, ನೋಡಿ! ಕಲೆಸಿದ್ದನ್ನು ಮೊಣಕೈ ಒಳಬದಿಗೆ ಚೂರು ಹಚ್ಚಿ 48 ಗಂಟೆ ಕಾಯಿರಿ. ಮದುವೆಯ ಹಿಂದಿನ ರಾತ್ರಿ ಹಚ್ಚಿದರೆ ಈ ಪರೀಕ್ಷೆಗೆ ಹೊತ್ತೆಲ್ಲಿ? ಹಿಂದೊಮ್ಮೆ ಡೈಯಿಂದ ಮುಖ ಊದಿದ್ದವರಂತೂ ಪರೀಕ್ಷೆಗೂ ಕೈಹಾಕಬೇಡಿ.

ನೀರೂ ಮುಖ್ಯ. ಸಿರುವಾಣಿ ಅಣೆಕಟ್ಟಿನ ನೀರು ಮೆದು. ಗಡಸು ಬೋರ್ ನೀರಿನಲ್ಲಿ ಸೋಪು ಸರಿಯಾಗಿ ಹೋಗದೆ ಚರ್ಮ ಬಿರಿಯುತ್ತದೆ. ಮುಖಕ್ಕೆ, ತಲೆಸ್ನಾನದ ಕೊನೆಯ ತಂಬಿಗೆಗೆ ಸಿರುವಾಣಿ ಇಟ್ಟುಕೊಳ್ಳಿ. ಒದ್ದೆ ಆರುವ ಮುಂಚೆ ವಾಸನೆಯಿಲ್ಲದ ಮಾಯಿಶ್ಚರೈಸರ್ ಹಚ್ಚಿ.

ಮುಖಕ್ಕೆ ಹಚ್ಚುವ ಕಡಲೆಹಿಟ್ಟಿಗೆ ನಿಂಬೆರಸ ಮಾತ್ರ ಬೇಡ. ಅದನ್ನು ಹಚ್ಚಿ ಬಿಸಿಲಿಗೆ ಹೋದರೆ ಚರ್ಮ ಸುಟ್ಟು ಕಪ್ಪಾಗಬಹುದು.