ಇದ್ದಿಲು ಹಿಡಿದವರಿಗೆ

ಮುಖ ಬಿಡಿಸುವಾಗ ಕಣ್ಣು, ಮೂಗಿನಿಂದ ಶುರು ಮಾಡಬೇಡಿ. ಎದುರಿಗಿರುವವರನ್ನು ಅರೆಗಣ್ಣಿನಲ್ಲಿ ನೋಡಿ. ವಿವರಗಳು ಮಸುಕಾಗಿ ನೆರಳಿನ ದೊಡ್ಡ ಆಕಾರಗಳಷ್ಟೇ ಉಳಿಯುತ್ತವೆ. ಇದ್ದಿಲನ್ನು ಅಡ್ಡಲಾಗಿ ಮಲಗಿಸಿ ಮೊದಲು ಅವನ್ನು ಹಚ್ಚಿ. ಬೆಳಕು ಬೇಕಾದಲ್ಲಿ ಮೆತ್ತನೆಯ ರಬ್ಬರನ್ನು ಒತ್ತಿ ಎತ್ತಿ, ಉಜ್ಜಬೇಡಿ. ನುಣುಪು ಹಾಳೆ ಬೇಡ, ಪುಡಿ ನಿಲ್ಲುವುದಿಲ್ಲ.

ಇದ್ದಿಲಿಗೆ ಅಂಗಡಿಯನ್ನೇ ನಂಬಬೇಕಿಲ್ಲ. ದ್ರಾಕ್ಷಿ ಬಳ್ಳಿ ಸುಟ್ಟು ಮಾಡಿದ ಇದ್ದಿಲು ಯುರೋಪಿನ ಚಿತ್ರಕಾರರಿಗೆ ಬಹಳ ಪ್ರಿಯ; ಚಿಕ್ಕಬಳ್ಳಾಪುರದ ತೋಟಗಳಲ್ಲಿ ಸವರಿ ಹಾಕಿದ ಬಳ್ಳಿಗೇನು ಬರವೇ? ಶಿಡ್ಲಘಟ್ಟದವರು ಹಿಪ್ಪುನೇರಳೆ ಕಡ್ಡಿಯಲ್ಲೂ ಮಾಡಿ ನೋಡಿ. ಒಣಗಿದ ಕಡ್ಡಿಯ ಸಿಪ್ಪೆ ಕೆರೆದು, ತಗಡಿನ ಡಬ್ಬಿಯಲ್ಲಿ ಒತ್ತೊತ್ತಾಗಿ ತುಂಬಿ, ಮುಚ್ಚಳಕ್ಕೆ ಸಣ್ಣ ತೂತು ಕೊಟ್ಟು ಬಯಲಲ್ಲಿ ಬೆಂಕಿಗಿಡಿ. ತೂತಿನ ಹೊಗೆ ನಿಂತಾಗ ಹೊರತೆಗೆಯಿರಿ. ಪೂರ್ತಿ ಆರುವ ತನಕ ಮುಚ್ಚಳ ಮುಟ್ಟಬೇಡಿ. ಬಿಸಿಯಲ್ಲಿ ಗಾಳಿ ತಾಗಿದರೆ ಎಲ್ಲ ಬೂದಿ.

ಆಕೃತಿಯ ಅಭ್ಯಾಸಕ್ಕೆ ನಂದಿಯ ಭೋಗನಂದೀಶ್ವರ ದೇವಾಲಯಕ್ಕಿಂತ ಒಳ್ಳೆಯ ಶಾಲೆ ನನಗೆ ಕಾಣದು. ಕಲ್ಯಾಣ ಮಂಟಪದ ಶಿಲ್ಪಗಳು ಕದಲುವುದಿಲ್ಲ, ಬೆಳಕು ಮಾತ್ರ ಸರಿಯುತ್ತದೆ. ಕೈ ಪಳಗಿದ ಮೇಲೆ ಶಿಡ್ಲಘಟ್ಟದ ರೇಷ್ಮೆ ಗೂಡಿನ ಮಾರುಕಟ್ಟೆಗೋ, ಚಿಂತಾಮಣಿ, ಗೌರಿಬಿದನೂರಿನ ಸಂತೆಗೋ ಹೋಗಿ. ಬಿಡಿಸುವ ಮೊದಲು, "ಅಣ್ಣಾ, ನಿಮ್ಮ ಚಿತ್ರ ಬರೀಲಾ?" ಎಂದು ಕೇಳಿ.