ಅಜ್ಜಿಯ ಉಂಗುರ ಎಷ್ಟು ಹಳೇದು?

ನಮ್ಮ ಮನೆಗಳಲ್ಲಿ ಹಳೆಯ ಉಂಗುರ ಒಂದಾದರೂ ಇರುತ್ತೆ. ಅಜ್ಜಿ ಕೊಟ್ಟದ್ದು, ಇಲ್ಲವೇ ಅತ್ತೆ ಕೊಟ್ಟದ್ದು. ಕಷ್ಟ ಬಂದಾಗ ಗಿರವಿ ಇಡುತ್ತೇವೆ. ಮಗಳ ಮದುವೆಗೆ ಕರಗಿಸಿ ಬೇರೆ ಮಾಡಿಸುತ್ತೇವೆ. ಆಗ ಅಂಗಡಿಯವರು, "ಇದು ಹಳೇದಮ್ಮ, ಚಿನ್ನ ಕಮ್ಮಿ" ಅಂತಾರೆ. ನಾವು ಕೊಟ್ಟಷ್ಟು ತಗೊಂಡು ಬರುತ್ತೇವೆ.

ಈಗ ನಮಗೆ ಅಕ್ಷರ ಬರುತ್ತೆ, ಅಂಕಿ ಬರುತ್ತೆ. ಬನ್ನಿ, ಉಂಗುರವನ್ನೂ ಓದೋಣ.

ಮುದ್ರೆ ನೋಡೋಣ

ಉಂಗುರದ ಒಳಮೈಯನ್ನು ಬೆಳಕಿಗೆ ಹಿಡಿಯಿರಿ. ಭೂತಗನ್ನಡಿ ಇದ್ದರೆ ಒಳ್ಳೆಯದು. ಅಲ್ಲಿ ಸಣ್ಣ ಗುರುತುಗಳು ಇರಬಹುದು. ಇಂಗ್ಲಿಷ್ ಅಕ್ಷರ ಬಾರದಿದ್ದರೆ ಶಾಲೆಗೆ ಹೋಗುವ ಮಕ್ಕಳನ್ನು ಕೇಳಿ.

ನಮ್ಮ ದೇಶದಲ್ಲಿ ಚಿನ್ನದ ಹಾಲ್‌ಮಾರ್ಕ್ 2000ದಲ್ಲಿ ಶುರುವಾಯಿತು. ಇದು ಭಾರತೀಯ ಮಾನಕ ಬ್ಯೂರೊ, ಅಂದರೆ ಬಿ.ಐ.ಎಸ್. ಕೊಡುವ ಮುದ್ರೆ. ಅದರಲ್ಲಿ ತ್ರಿಕೋನದ ಗುರುತು ಇರುತ್ತೆ. 916 ಅಂತ ಇದ್ದರೆ ಸಾವಿರ ಭಾಗದಲ್ಲಿ 916 ಭಾಗ ಚಿನ್ನ. ಅದೇ 22 ಕ್ಯಾರೆಟ್. 750 ಅಂತ ಇದ್ದರೆ 18 ಕ್ಯಾರೆಟ್.

ಮುದ್ರೆಯ ವರ್ಷ ತಿಳಿಯುವುದು ಹೀಗೆ:

• ಮೊದಲು ವರ್ಷಕ್ಕೆ ಒಂದು ಅಕ್ಷರ ಇತ್ತು. ಎ ಅಂದರೆ 2000. ಬಿ ಅಂದರೆ 2001. ಜೆ ಅಂದರೆ 2008.
• 2017ರಲ್ಲಿ ಈ ಅಕ್ಷರ ಬಿಟ್ಟರು. 22ಕೆ916 ಅಂತ ಒತ್ತಲು ಶುರುಮಾಡಿದರು.
• ಅಕ್ಷರ, ಅಂಕಿ ಸೇರಿ ಆರು ಗುರುತಿನ ಸಂಖ್ಯೆ ಇದ್ದರೆ ಅದು 2021ರ ಜುಲೈ ನಂತರದ ಮುದ್ರೆ. ಒಂದು ಒಡವೆಯ ಸಂಖ್ಯೆ ಇನ್ನೊಂದಕ್ಕೆ ಇರೋದಿಲ್ಲ. ಮೊಬೈಲಿನ 'ಬಿ.ಐ.ಎಸ್. ಕೇರ್' ಆ್ಯಪ್‌ನಲ್ಲಿ ಅದನ್ನು ಹಾಕಿ ನೋಡಬಹುದು.

ಕೆಡಿಎಂ ಅಂತ ಇದ್ದರೆ? ಅದು ಹಾಲ್‌ಮಾರ್ಕ್ ಅಲ್ಲ. ಕ್ಯಾಡ್ಮಿಯಂ ಬೆರೆಸಿದ ಬೆಸುಗೆಯಿಂದ ಬಂದ ಹೆಸರು ಅದು. ಆ ಬೆಸುಗೆಯ ಹೊಗೆ ಅಕ್ಕಸಾಲಿಗರ ಆರೋಗ್ಯ ಕೆಡಿಸುತ್ತೆ.

ಮುದ್ರೆ ಇಲ್ಲವೇ? ಹೆದರಬೇಡಿ

ಅಜ್ಜಿಯ ಕಾಲದಲ್ಲಿ ಈ ಮುದ್ರೆಯೇ ಇರಲಿಲ್ಲ. ಎರಡು ಗ್ರಾಂಗಿಂತ ಕಡಿಮೆ ತೂಕದ ಒಡವೆಗೆ ಇಂದಿಗೂ ಮುದ್ರೆ ಕಡ್ಡಾಯ ಅಲ್ಲ. ಮುದ್ರೆ ಇಲ್ಲ ಅಂದ ಮಾತ್ರಕ್ಕೆ ಚಿನ್ನ ಖೋಟಾ ಅಲ್ಲ. ಆದರೆ ಒಂದು ಮಾತು. 1963ರಲ್ಲಿ ಸರ್ಕಾರ 14 ಕ್ಯಾರೆಟ್‌ಗಿಂತ ಹೆಚ್ಚಿನ ಹೊಸ ಒಡವೆ ಮಾಡಬಾರದು ಅಂತ ಕಟ್ಟಳೆ ತಂದಿತ್ತು. ಆಗ ಮಾಡಿಸಿದ ಉಂಗುರದಲ್ಲಿ ಚಿನ್ನ ಕಡಿಮೆ ಇರಬಹುದು.

ರಿಪೇರಿ ಗುರುತು ನೋಡೋಣ

ಅಜ್ಜಿಯ ಉಂಗುರ ಮೊಮ್ಮಗಳ ಬೆರಳಿಗೆ ಸರಿ ಹೋಗೋದಿಲ್ಲ. ಚಿಕ್ಕದು ಮಾಡಲು ಕತ್ತರಿಸಿ ಬೆಸೆದರೆ ಒಂದು ಗೆರೆ ಉಳಿಯುತ್ತೆ. ದೊಡ್ಡದು ಮಾಡಲು ತುಂಡು ಸೇರಿಸಿದರೆ ಎರಡು ಗೆರೆ. ಬೆಸುಗೆ ಇರುವ ಕಡೆ ಬಣ್ಣ ಸ್ವಲ್ಪ ಬೇರೆ ಕಾಣಬಹುದು. ಬೆಸುಗೆ ಗೆರೆ ಮುದ್ರೆಯನ್ನು ಅರ್ಧಕ್ಕೆ ಕತ್ತರಿಸಿದ್ದರೆ ಮುದ್ರೆ ಮೊದಲು, ರಿಪೇರಿ ಆಮೇಲೆ. ಉಂಗುರ ಪೂರಾ ಸವೆದು ಮುದ್ರೆ ಮಾತ್ರ ಹೊಸದಾಗಿ ಹೊಳೆದರೆ, ಮುದ್ರೆ ಆಮೇಲೆ ಬಿದ್ದಿರಬಹುದು. ಮುದ್ರೆಯ ವರ್ಷವೇ ಉಂಗುರದ ವರ್ಷ ಅನ್ನಬೇಡಿ.

ಬೆಸುಗೆ ಉಂಗುರಕ್ಕಿಂತ ಮೊದಲು ಕರಗಬೇಕು. ಅದಕ್ಕೆ ಅದರಲ್ಲಿ ಬೇರೆ ಲೋಹ ಹೆಚ್ಚು ಬೆರೆಸುತ್ತಾರೆ. ಹೀಗಾಗಿ ಬೆಸುಗೆ ಹೆಚ್ಚಾದಷ್ಟೂ ಕರಗಿಸಿದಾಗ ಶುದ್ಧತೆ ಇಳಿಯುತ್ತೆ. ಅಂಗಡಿಯವರ ಮಾತು ಕೆಲವು ಸಲ ನಿಜವೂ ಇರಬಹುದು. ನಿಜವೋ ಸುಳ್ಳೋ ಪರೀಕ್ಷೆ ಮಾಡಿಸಿಯೇ ತಿಳಿಯಬೇಕು.

ನಾವು ಏನು ಮಾಡಬೇಕು?

ಕರಗಿಸುವ ಮೊದಲು ತೂಕ ಹಾಕಿಸಿ, ಬರೆಸಿಕೊಳ್ಳಿ. ಬಿ.ಐ.ಎಸ್. ಒಪ್ಪಿದ ಪರೀಕ್ಷಾ ಕೇಂದ್ರದಲ್ಲಿ ನಾವೇ ಹಣ ಕೊಟ್ಟು ಪರೀಕ್ಷೆ ಮಾಡಿಸಬಹುದು. ಹೊಸದು ಕೊಂಡರೆ ರಸೀದಿ ಬಿಡಬೇಡಿ. ಹಾಲ್‌ಮಾರ್ಕ್ ಇದ್ದೂ ಚಿನ್ನ ಕಡಿಮೆ ಬಂದರೆ, ಕಡಿಮೆ ಬಿದ್ದ ಚಿನ್ನದ ಬೆಲೆಯ ಎರಡರಷ್ಟು ಪರಿಹಾರ ಕೇಳುವ ಹಕ್ಕು ನಮಗಿದೆ. ಪರೀಕ್ಷೆಯ ಖರ್ಚನ್ನೂ ಕೇಳಬಹುದು.

ಅಜ್ಜಿ ಬೆವರು ಸುರಿಸಿ ಕೂಡಿಟ್ಟ ಚಿನ್ನ ಅದು. ಓದದೆ ಕೊಡೋದು ಬೇಡ.

ಓದಿ, ಉತ್ತರ ಬರೆಯಿರಿ

1. 916 ಅಂದರೆ ಏನು?
2. ಉಂಗುರದಲ್ಲಿ ಎರಡು ಬೆಸುಗೆ ಗೆರೆ ಇದ್ದರೆ ಏನು ತಿಳಿಯುತ್ತೆ?
3. ನಿಮ್ಮ ಮನೆಯ ಉಂಗುರ ನೋಡಿ. ಕಂಡ ಗುರುತುಗಳನ್ನು ಬರೆಯಿರಿ.