ಸಂಚಯವೂ ಪಾರಣೆಯೂ

ಸಿಂಧನೂರಿನಲ್ಲಿ ನಡೆದ ಶ್ರೀಮದ್ಭಾಗವತ ಸಪ್ತಾಹದ ನಾಲ್ಕನೆಯ ದಿನ ವಾಮನಾವತಾರದ ಭಾಗ ಮುಗಿದು, ಮಂಗಳಾರತಿಯಾಗಿ, ಸಭಿಕರು ತೀರ್ಥ ತೆಗೆದುಕೊಂಡು ಹೊರಟಿದ್ದ ವೇಳೆಯಲ್ಲಿ ಗೃಹಸ್ಥರೊಬ್ಬರು ನಮ್ಮ ಬಳಿಗೆ ಬಂದು, "ಆಚಾರ್ರೇ, ಬಂದದ್ದರಾಗ ಎಷ್ಟು ಇಟ್ಟುಕೋಬೇಕ್ರಿ, ಎಷ್ಟು ಉಣ್ಣಬೇಕ್ರಿ?" ಎಂದು ಕೇಳಿದರು. ಪ್ರಶ್ನೆ ಸರಳವಾಗಿಯೇ ತೋರಿತು. ವಿಚಾರಿಸಲಾಗಿ ಅದರ ಹಿಂದೆ ಒಂದು ಮನೆಯ ಕಥೆಯೇ ಇದ್ದಿತು.

ಅವರದು ಕಾಲುವೆಯ ನೀರಿನ ಭತ್ತದ ಒಕ್ಕಲುತನ. ಎಂಬತ್ತರ ಸಮೀಪಕ್ಕೆ ಬಂದಿರುವ ತಾಯಿಯವರಿಗೆ ಒಮ್ಮೆ ಉಡುಪಿಗೆ ಹೋಗಿ ನವಗ್ರಹ ಕಿಂಡಿಯಿಂದ ಶ್ರೀಕೃಷ್ಣನನ್ನು ಕಣ್ಣಾರೆ ಕಾಣಬೇಕೆಂಬ ಆಸೆ. "ಈ ಬೆಳೆ ಬರಲಿ, ಮುಂದಿನ ಬೆಳೆ ಬರಲಿ" ಎಂದು ಮಗನು ಹೇಳುತ್ತ ಬಂದು ನಾಲ್ಕು ವರ್ಷಗಳು ಕಳೆದಿದ್ದವು. ಇದೇ ಗೃಹಸ್ಥರು ಮಗಳ ವಿವಾಹವನ್ನು ದೊಡ್ಡ ಕಲ್ಯಾಣಮಂಟಪದಲ್ಲಿ ಮೂರು ದಿನಗಳ ಸಮಾರಂಭವಾಗಿ ಮಾಡಲು ದಲಾಲಿ ಅಂಗಡಿಯಲ್ಲಿ ಬಡ್ಡಿಗೆ ಹಣ ಎತ್ತುವ ಯೋಚನೆಯಲ್ಲಿಯೂ ಇದ್ದರು. ತಾಯಿಯ ಯಾತ್ರೆಗೆ ಕೈ ಬಿಗಿ, ಮಂಟಪದ ದೀಪಾಲಂಕಾರಕ್ಕೆ ಕೈ ಸಡಿಲ. ಇದನ್ನು ಅವರೊಬ್ಬರ ದೋಷವೆಂದು ನಾವು ಹೇಳಲಾರೆವು. ಅತಿಯಾದ ಸಂಚಯವೂ ಅತಿಯಾದ ವ್ಯಯವೂ ಒಂದೇ ಸೂರಿನ ಕೆಳಗೆ ವಾಸಿಸುವುದನ್ನು ನಮ್ಮ ಸೀಮೆಯ ಅನೇಕ ಮನೆಗಳಲ್ಲಿ ಕಾಣುತ್ತೇವೆ. ಅಂದು ಅವರಿಗೆ ನಾಲ್ಕು ಮಾತಿನಲ್ಲಿ ಹೇಳಿದ್ದನ್ನು ಇಲ್ಲಿ ಸ್ವಲ್ಪ ವಿಸ್ತರಿಸಿ ಬರೆಯುತ್ತಿದ್ದೇವೆ.

ಉತ್ತರವು ಅಂದಿನ ಪ್ರವಚನದ ಭಾಗದಲ್ಲಿಯೇ ಇದ್ದಿತು. ಬಲಿಚಕ್ರವರ್ತಿಯು ಮೂರು ಹೆಜ್ಜೆ ಭೂಮಿಯನ್ನು ಧಾರೆಯೆರೆಯಲು ಮುಂದಾದಾಗ ಶುಕ್ರಾಚಾರ್ಯರು ತಡೆದು ಹೇಳಿದ ನೀತಿಯೊಂದು ಅಷ್ಟಮಸ್ಕಂಧದಲ್ಲಿದೆ. ಗೃಹಸ್ಥನು ತನ್ನ ವಿತ್ತವನ್ನು ಐದು ಪಾಲು ಮಾಡಬೇಕು; ಧರ್ಮಕ್ಕೊಂದು, ಯಶಸ್ಸಿಗೊಂದು, ಮುಂದೆ ಅರ್ಥವನ್ನು ವೃದ್ಧಿಪಡಿಸುವುದಕ್ಕೊಂದು, ತನ್ನ ಕಾಮಕ್ಕೆ ಅಂದರೆ ಸುಖಭೋಗಕ್ಕೊಂದು, ಸ್ವಜನರಿಗೊಂದು; ಹಾಗೆ ಮಾಡಿದವನು ಇಹಪರಗಳೆರಡರಲ್ಲಿಯೂ ಸುಖಿಯಾಗುತ್ತಾನೆಂಬುದು ಅದರ ತಾತ್ಪರ್ಯ. ದಾನವನ್ನು ತಡೆಯಲು ಹೇಳಿದ ಮಾತಾದುದರಿಂದ ಬಲಿಯು ಅದನ್ನು ಮೀರಿದನು. ಮೀರಿದ್ದಕ್ಕೆ ಸುತಲದಲ್ಲಿ ಭಗವಂತನನ್ನೇ ದ್ವಾರಪಾಲಕನನ್ನಾಗಿ ಪಡೆದನು. ಆದರೆ ಅಷ್ಟರಿಂದ ವಿಭಾಗಕ್ರಮವೇ ದೋಷವೆಂದು ತಿಳಿಯಬಾರದು. ನಮ್ಮ ಬಾಗಿಲಿಗೆ ಸಾಕ್ಷಾತ್ ವಾಮನನು ಬಂದು ಕೈಯೊಡ್ಡಿದ ದಿನ ಬಲಿಯ ಮಾರ್ಗವನ್ನು ಹಿಡಿಯೋಣ. ಉಳಿದ ದಿನಗಳಿಗೆ ಶುಕ್ರಾಚಾರ್ಯರ ಲೆಕ್ಕವೇ ಲೆಕ್ಕ.

ಇಲ್ಲಿ ಗಮನಿಸತಕ್ಕ ಅಂಶವೊಂದಿದೆ. ಉಳಿತಾಯಕ್ಕೂ ಪಾಲುಂಟು, ಭೋಗಕ್ಕೂ ಪಾಲುಂಟು. ಉಳಿದ ನಾಲ್ಕರ ಖರ್ಚು ತೀರಿ ಮಿಕ್ಕಿದ್ದನ್ನು ಭೋಗಿಸೆಂದು ಹೇಳಿಲ್ಲ. ಭೋಗಿಸಿ ಮಿಕ್ಕಿದ್ದನ್ನು ಕೂಡಿಡೆಂದೂ ಹೇಳಿಲ್ಲ. ಪಾಲೆಂದರೆ ಮೊದಲೇ ಬೇರ್ಪಡಿಸಿದ್ದು. ನಮ್ಮ ಹಳ್ಳಿಗಳಲ್ಲಿ ಆಯದ ಪದ್ಧತಿಯನ್ನು ಕಂಡವರಿಗೆ ಇದು ಸುಲಭವಾಗಿ ತಿಳಿಯುತ್ತದೆ. ರಾಶಿಯಾದ ಮೇಲೆ ಕಣದಲ್ಲಿಯೇ ಬಡಿಗ, ಕಂಬಾರ, ಕ್ಷೌರಿಕ, ಮಡಿವಾಳ, ಗುಡಿಯ ಅರ್ಚಕ ಇವರ ಪಾಲಿನ ಜೋಳವನ್ನು ಅಳೆದುಕೊಟ್ಟು, ಆಮೇಲೆ ಬಂಡಿಯನ್ನು ಮನೆಯ ಕಡೆಗೆ ಹೊಡೆಯುತ್ತಿದ್ದರು. ಮನೆಗೆ ಹೋದ ಕಾಳು ಮರಳಿ ಹೊರಗೆ ಬರುವುದು ಕಷ್ಟವೆಂಬುದನ್ನು ಹಿರಿಯರು ಅರಿತಿದ್ದರು.

ಹಾಗೆಂದು ಸಂಚಯವನ್ನು ಹಳಿಯುವ ಉದ್ದೇಶ ನಮಗಿಲ್ಲ. ಈ ಸೀಮೆಯಲ್ಲಿ ಹುಟ್ಟಿದವನು ಅದನ್ನು ಹಳಿಯಲಾರ. ಕಾಲುವೆಯು ಬರುವ ಮೊದಲು ಸಿಂಧನೂರು, ಲಿಂಗಸುಗೂರು, ಮಸ್ಕಿಗಳ ಎರೆಭೂಮಿಯು ಮೋಡವನ್ನು ನಂಬಿದ ನೆಲ. ಒಂದು ವರ್ಷ ತುಂಬಿದ ರಾಶಿ, ಎರಡು ವರ್ಷ ಬರಿಯ ದಂಟು. ಆದುದರಿಂದಲೇ ಹಗೇವುಗಳು ಹುಟ್ಟಿದವು. ಇಂದಿನ ಮಕ್ಕಳು ಕಂಡಿರಲಾರರು. ನೀರು ಇಳಿಯದ ಗಟ್ಟಿ ನೆಲವನ್ನು ಆರಿಸಿ, ಬಾಯಿ ಕಿರಿದಾಗಿ ಒಡಲು ಹಿರಿದಾಗಿ ಕುಣಿ ತೋಡಿ, ಸುತ್ತಲೂ ಒಣಹುಲ್ಲು ಹೊದಿಸಿ, ಜೋಳ ಸುರಿದು, ಮೇಲೆ ಹುಲ್ಲು, ಕಲ್ಲುಚಪ್ಪಡಿ, ಮಣ್ಣು ಹಾಕಿ ಮುಚ್ಚುತ್ತಿದ್ದರು. ವರ್ಷಗಟ್ಟಲೆ ಕಾಳು ನಿಲ್ಲುತ್ತಿತ್ತು. ಬಾಯಿ ತೆರೆದ ಕೂಡಲೆ ಯಾರೂ ಇಳಿಯುವಂತಿಲ್ಲ. ಒಳಗಿನ ಕೆಟ್ಟ ಗಾಳಿ ಪ್ರಾಣವನ್ನೇ ತೆಗೆದೀತು. ಗಾಳಿಯಾಡಲು ಬಿಟ್ಟು, ದೀಪವನ್ನು ಇಳಿಬಿಟ್ಟು, ಅದು ಆರದಿದ್ದರೆ ಮನುಷ್ಯನು ಇಳಿಯುತ್ತಿದ್ದನು. ಬರಗಾಲದಲ್ಲಿ ಆ ಮುಗ್ಗು ವಾಸನೆಯ ಜೋಳವೇ ಊರನ್ನು ಬದುಕಿಸುತ್ತಿತ್ತು. ಆದರೆ ಹಗೇವಿನ ಜೋಳಕ್ಕೂ ಆಯುಸ್ಸುಂಟು. ತೆರೆಯಬೇಕಾದ ಕಾಲದಲ್ಲಿ ತೆರೆಯದೆ ಬಿಟ್ಟರೆ, ಅಥವಾ ಸದ್ದಿಲ್ಲದೆ ತೇವ ಇಳಿದರೆ, ಉಣ್ಣುವವನಿಗೂ ಇಲ್ಲ, ಬಿತ್ತುವವನಿಗೂ ಇಲ್ಲ.

ಮನುಸ್ಮೃತಿಯು ಗೃಹಸ್ಥ ಬ್ರಾಹ್ಮಣರನ್ನು ಕಾಳಿನ ಸಂಗ್ರಹದಿಂದಲೇ ನಾಲ್ಕು ವಿಧವಾಗಿ ಹೇಳುತ್ತದೆ. ಕಣಜ ತುಂಬಿರುವವನು ಕುಸೂಲಧಾನ್ಯಕ. ಗಡಿಗೆ ತುಂಬಿರುವವನು ಕುಂಭೀಧಾನ್ಯಕ. ಮೂರು ದಿನಕ್ಕೆ ಸಾಲುವಷ್ಟುಳ್ಳವನು ತ್ರ್ಯಹೈಹಿಕ. ನಾಳೆಗೇ ಇಲ್ಲದವನು ಅಶ್ವಸ್ತನಿಕ. ಹಿಂದಿನವನಿಗಿಂತ ಮುಂದಿನವನು ಮೇಲು. ಇದನ್ನು ಓದಿ ಕಣಜವನ್ನು ಬರಿದು ಮಾಡಲು ಹೊರಡುವವರು ಅದೇ ಗ್ರಂಥದ ಹನ್ನೊಂದನೆಯ ಅಧ್ಯಾಯವನ್ನೂ ಓದಬೇಕು. ತನ್ನನ್ನು ನಂಬಿದವರ ಪೋಷಣೆಗೆ ಮೂರು ವರ್ಷಗಳಿಗೆ ಸಾಕಾಗುವಷ್ಟು ಆಹಾರವುಳ್ಳವನೇ ಸೋಮಯಾಗಕ್ಕೆ ಅರ್ಹನು; ಅದಿಲ್ಲದೆ ಮಾಡಿದವನಿಗೆ ಫಲವಿಲ್ಲವೆಂದು ಅಲ್ಲಿ ವಿಧಿಯಿದೆ. ಮನೆಯವರು ಕಷ್ಟದಲ್ಲಿರಲು ಹೊರಗಿನವರಿಗೆ ಕೊಡುವ ದಾನವು ಬಾಯಿಗೆ ಜೇನು, ಹೊಟ್ಟೆಗೆ ವಿಷವೆಂಬ ಅಭಿಪ್ರಾಯವೂ ಅದರ ಬೆನ್ನಿಗೇ ಬರುತ್ತದೆ. ಯಾಗಕ್ಕೇ ಈ ಕಟ್ಟಳೆಯಾದರೆ, ಬಡ್ಡಿಯ ಹಣದಲ್ಲಿ ಮೂರು ದಿನ ಬೆಳಗುವ ಮಂಟಪಕ್ಕೆ ಏನು ಹೇಳೋಣ? ವಿವಾಹವು ಸಂಸ್ಕಾರ, ದೀಪದ ಸರಗಳು ಸಂಸ್ಕಾರವಲ್ಲ.

೧೯೫೩ರಲ್ಲಿ ತುಂಗಭದ್ರಾ ಜಲಾಶಯವು ಸಿದ್ಧವಾಗಿ, ಕ್ರಮೇಣ ಎಡದಂಡೆ ಕಾಲುವೆಯ ನೀರು ಸಿಂಧನೂರು ಸೀಮೆಗೆ ಬಂದ ಮೇಲೆ ಜೋಳದ ನೆಲ ಭತ್ತದ ನೆಲವಾಯಿತು. ತೇವ ಏರಿದ ಭೂಮಿಯಲ್ಲಿ ಹಗೇವಿಗೆ ಎಡೆಯೂ ಇಲ್ಲ, ಅಗತ್ಯವೂ ಇಲ್ಲವೆಂಬ ಭಾವನೆ ಬಂದಿತು. ವರ್ಷಕ್ಕೆ ಎರಡು ಬೆಳೆ ಬರುವವನಿಗೆ ಬರದ ನೆನಪೇಕೆ? ಸಂಗ್ರಹದ ಭಾರವನ್ನೆಲ್ಲ ಜಲಾಶಯದ ಮೇಲೆ ಹಾಕಿ ನಾವು ನಿಶ್ಚಿಂತರಾದೆವು. ಆದರೆ ೨೦೨೩ರಲ್ಲಿ ಮುಂಗಾರು ಕೈಕೊಟ್ಟು ಎರಡನೆಯ ಬೆಳೆಗೆ ನೀರು ದೊರೆಯಲಿಲ್ಲ. ಮರುವರ್ಷ ಜಲಾಶಯ ತುಂಬಿತೆಂದು ಎಲ್ಲರೂ ಹರ್ಷಪಡುತ್ತಿರುವಾಗಲೇ, ೨೦೨೪ರ ಆಗಸ್ಟ್ ೧೦ರ ರಾತ್ರಿ, ಮೂವತ್ತಮೂರು ಗೇಟುಗಳಲ್ಲಿ ಹತ್ತೊಂಬತ್ತನೆಯದರ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ಒತ್ತಡವನ್ನು ತಗ್ಗಿಸಲು ಉಳಿದ ಗೇಟುಗಳನ್ನೂ ಎತ್ತಿ, ಕೂಡಿಟ್ಟ ನೀರನ್ನು ಕೈಯಾರೆ ನದಿಗೆ ಬಿಡಬೇಕಾಯಿತು. ಒಂದು ವಾರದೊಳಗೆ ಹರಿಯುವ ನೀರಿನಲ್ಲಿಯೇ ತಾತ್ಕಾಲಿಕ ಫಲಕಗಳನ್ನು ಇಳಿಸಿ ಗಂಡಿಯನ್ನು ಮುಚ್ಚಿದರು. ಶ್ರೀಹರಿಯ ಕೃಪೆಯಿಂದ ಮತ್ತೆ ಮಳೆಯೂ ಆಯಿತು. ಆ ವಾರ ಸಿಂಧನೂರಿನ ಪೇಟೆಯಲ್ಲಿ ಜನರ ಮುಖಗಳನ್ನು ಕಂಡವರು, ಅಷ್ಟು ದೊಡ್ಡ ಭಂಡಾರವೂ ಒಂದು ಕೊಂಡಿಯ ಮೇಲೆ ನಿಂತಿತ್ತೆಂಬುದನ್ನು ಮರೆಯಲಾರರು.

ಲಿಂಗಸುಗೂರು ತಾಲೂಕಿನ ಹಟ್ಟಿಯಲ್ಲಿ ನೆಲದಾಳದಿಂದ ಚಿನ್ನವನ್ನು ತೆಗೆಯುತ್ತಾರೆ. ಅಷ್ಟು ಶ್ರಮದಿಂದ ಹೊರಬಂದ ಲೋಹವನ್ನು ಜನರು ಕೊಂಡು ಮತ್ತೆ ಕತ್ತಲೆಯ ಪೆಟ್ಟಿಗೆಯಲ್ಲಿಡುವುದು ವಿನೋದವಾಗಿಯೇ ತೋರುತ್ತದೆ. ಆದರೂ ಹೆಣ್ಣುಮಕ್ಕಳ ಮೈಮೇಲಿನ ಬಂಗಾರವನ್ನು ಲಘುವಾಗಿ ನುಡಿಯಬಾರದು. ಬರದ ವರ್ಷ ಬೀಜಕ್ಕೆ ದುಡ್ಡು ಹುಟ್ಟಿದ್ದು ಎಷ್ಟೋ ಮನೆಗಳಲ್ಲಿ ಅದರಿಂದಲೇ. ಶ್ರೀ ಪುರಂದರದಾಸರ ಪೂರ್ವಾಶ್ರಮದ ಕಥೆಯಲ್ಲಿ, ಗಂಡನ ಭಂಡಾರವೆಲ್ಲ ಬೀಗದೊಳಗಿರುವಾಗ ಪತ್ನಿಯ ಮೂಗುತಿಯೊಂದೇ ಅಲ್ಲವೆ ಬಾಗಿಲು ತೆರೆದದ್ದು?

ಈಗ ಭೋಗದ ವಿಚಾರ. ಮಾಧ್ವರಿಗೆ ಇದನ್ನು ಕಲಿಸಲು ಪಂಚಾಂಗವೇ ಸಾಕು. ಏಕಾದಶಿಯ ದಿನ ನಿರಾಹಾರ. ದ್ವಾದಶಿಯ ಬೆಳಗ್ಗೆ ಪಾರಣೆ. ಉಪವಾಸವನ್ನು ತಪ್ಪಿಸುವುದು ಹೇಗೆ ದೋಷವೋ ಪಾರಣೆಯ ಕಾಲವನ್ನು ಮೀರುವುದೂ ಹಾಗೆಯೇ ದೋಷ. ಸಾಧನಿ ದ್ವಾದಶಿ ಬಂದಾಗ ನಮ್ಮ ಮನೆಗಳಲ್ಲಿ ಬೆಳಗಿನ ಜಾವದಲ್ಲಿಯೇ ಒಲೆ ಹೊತ್ತುವುದು ಇದಕ್ಕಾಗಿಯೇ. ಅಂಬರೀಷನ ಸಂಕಟವನ್ನು ನೆನೆಯಿರಿ. ಅತಿಥಿಯಾದ ದೂರ್ವಾಸರು ಸ್ನಾನಕ್ಕೆ ಹೋದವರು ಬರಲಿಲ್ಲ. ಅವರನ್ನು ಬಿಟ್ಟು ಉಂಡರೆ ಅತಿಥಿಗೆ ಅಪಚಾರ, ಉಣ್ಣದಿದ್ದರೆ ವ್ರತಭಂಗ. ಆಗ ಅವನು ವಿಪ್ರರನ್ನು ಕೇಳಿ ನೀರನ್ನು ಮಾತ್ರ ಸ್ವೀಕರಿಸಿ ಕಾಲವನ್ನು ಸಾಧಿಸಿದನು. ಮೃಷ್ಟಾನ್ನಕ್ಕೆ ಅವಕಾಶವಿಲ್ಲದಿದ್ದರೆ ನೀರಾದರೂ ಸರಿ, ಕಾಲವನ್ನು ಮೀರಿಸಲಿಲ್ಲ. ತಾಯಿಯನ್ನು ಕಾರಿನಲ್ಲಿಯೇ ಕರೆದೊಯ್ಯಬೇಕು, ಒಳ್ಳೆಯ ವಸತಿಯೇ ಆಗಬೇಕೆಂದು ವರ್ಷಗಳನ್ನು ಮುಂದೂಡುವವರು ಈ ಪ್ರಸಂಗವನ್ನು ಮತ್ತೊಮ್ಮೆ ಓದಬೇಕೆಂದು ನಮ್ಮ ವಿನಂತಿ.

ಏಕಾದಶಸ್ಕಂಧದಲ್ಲಿ ಅವಂತಿಯ ಬ್ರಾಹ್ಮಣನೊಬ್ಬನ ವೃತ್ತಾಂತವನ್ನು ಶ್ರೀಕೃಷ್ಣನು ಉದ್ಧವನಿಗೆ ಹೇಳುತ್ತಾನೆ. ಮಹಾಧನಿಕ, ಮಹಾಕೃಪಣ. ಬಂಧುಗಳನ್ನೂ ಅತಿಥಿಗಳನ್ನೂ ಮಾತಿನಿಂದಲಾದರೂ ಆದರಿಸಲಿಲ್ಲ. ಅದರ ಜತೆಗೆ, ತಕ್ಕ ಕಾಲದಲ್ಲಿ ತನ್ನ ಶರೀರವನ್ನೂ ಭೋಗಗಳಿಂದ ಸತ್ಕರಿಸಲಿಲ್ಲವೆಂಬುದನ್ನು ಕೂಡ ಭಾಗವತವು ಅವನ ಅಪರಾಧಗಳ ಪಟ್ಟಿಯಲ್ಲಿ ಸೇರಿಸಿದೆ. ಕೊನೆಗೆ ಅವನ ಹಣವನ್ನು ಜ್ಞಾತಿಗಳು, ಕಳ್ಳರು, ದೈವ, ಕಾಲ, ರಾಜರು ಹಂಚಿಕೊಂಡರು. ತಾನು ಮಾಡದ ಪಾಲನ್ನು ಇತರರು ಮಾಡಿದರು.

ಭೋಗವೆಂದರೆ ಅಂಜುವ ಸಾತ್ವಿಕರೂ ಉಂಟು. ಅವರಿಗೆ ಶ್ರೀಮದಾಚಾರ್ಯರ ಈಶಾವಾಸ್ಯ ಭಾಷ್ಯದಲ್ಲಿ ಸಮಾಧಾನವಿದೆ. ಮೊದಲನೆಯ ಮಂತ್ರದಲ್ಲಿ ಬರುವ 'ತ್ಯಕ್ತ' ಎಂಬ ಪದಕ್ಕೆ ಆಚಾರ್ಯರು 'ದತ್ತ' ಎಂಬ ಅರ್ಥವನ್ನು ತಿಳಿಸಿದ್ದಾರೆ. ಜಗತ್ತೆಲ್ಲ ಈಶನಿಗೆ ಅಧೀನ. ಅವನು ಕೊಟ್ಟಿದ್ದನ್ನು ಭೋಗಿಸು, ಕೊಡದಿದ್ದನ್ನು ಬಯಸಬೇಡವೆಂದು ಆಗ ಅರ್ಥವಾಗುತ್ತದೆ. ಕೊಟ್ಟಿದ್ದನ್ನು ಉಣ್ಣದೆ ಇಡುವವನು ವೈರಾಗ್ಯಶಾಲಿಯೆನಿಸುವುದಿಲ್ಲ. ಕೊಟ್ಟವನ ಮೇಲೆ ಅವನಿಗೆ ನಂಬಿಕೆ ಸಾಲದೆಂದೇ ಹೇಳಬೇಕು.

ಮಸ್ಕಿಯ ಬೆಟ್ಟದಲ್ಲಿ ೧೯೧೫ರಲ್ಲಿ ದೊರೆತ ಶಾಸನದಿಂದ, ದೇವಾನಾಂಪ್ರಿಯನೆಂಬ ಅರಸನು ಅಶೋಕನೇ ಎಂಬುದು ಸ್ಪಷ್ಟವಾಯಿತೆಂದು ಶಾಲೆಯ ಮಕ್ಕಳೂ ಬಲ್ಲರು. ಅದೇ ಅರಸನ ಮೂರನೆಯ ಬೃಹತ್ ಶಿಲಾಶಾಸನವು ಕರ್ನೂಲು ಜಿಲ್ಲೆಯ ಎರ್ರಗುಡಿಯಲ್ಲಿಯೂ ಇದೆ. ವ್ಯಯವೂ ಅಲ್ಪವಾಗಿರಲಿ, ಸಂಗ್ರಹವೂ ಅಲ್ಪವಾಗಿರಲಿ, ಇವೆರಡೂ ಒಳ್ಳೆಯವು ಎಂಬ ಆಶಯ ಅಲ್ಲಿದೆ. ಅವನು ವೈದಿಕ ಮಾರ್ಗದವನಲ್ಲದಿದ್ದರೂ ಎರಡನ್ನೂ ಒಟ್ಟಿಗೆ ಹೇಳಿದ್ದು ನಮಗೆ ಮೆಚ್ಚುಗೆಯಾಯಿತು. ನಾವಾದರೋ ಸಾಮಾನ್ಯವಾಗಿ ಒಂದನ್ನು ಮಾತ್ರ ಹೇಳುತ್ತೇವೆ, ಅದೂ ಪರರಿಗೆ.

ಪ್ರಶ್ನೆ ಕೇಳಿದ ಗೃಹಸ್ಥರಿಗೆ ಇಷ್ಟನ್ನೆಲ್ಲ ಗ್ರಂಥಾಧಾರದಿಂದ ಹೇಳಿದರೂ ನಮ್ಮ ಮನಸ್ಸಿನಲ್ಲಿದ್ದುದು ನಮ್ಮ ಮನೆಯ ವಿಷಯವೇ. ನಮ್ಮ ತೀರ್ಥರೂಪರು ಮಸ್ಕಿಯ ಸಮೀಪದ ಹಳ್ಳಿಯೊಂದರಲ್ಲಿ ಪ್ರಾಣದೇವರ ಅರ್ಚಕರು. ಬದರೀಯಾತ್ರೆಗೆಂದು ತಗಡಿನ ಪೆಟ್ಟಿಗೆಯೊಂದರಲ್ಲಿ ದಕ್ಷಿಣೆಯ ಹಣವನ್ನು ಕೂಡಿಡುತ್ತಿದ್ದರು. ಆಚಾರ್ಯರು ನಡೆದು ಹೋದ ಕ್ಷೇತ್ರವನ್ನು ಕಾಣದೆ ಕಣ್ಣು ಮುಚ್ಚಬಾರದೆಂಬುದು ಅವರ ಸಂಕಲ್ಪ. ಮೊದಲು ನಮ್ಮ ಉಪನಯನಕ್ಕೆಂದು ಪೆಟ್ಟಿಗೆಯನ್ನು ತೆರೆದರು. ಆಮೇಲೆ ತಂಗಿಯ ವಿವಾಹ. ಆಮೇಲೆ ನಾವು ಪಾಠಶಾಲೆಯನ್ನು ಮುಗಿಸಿ ಬಿ.ಎ. ಓದಲು ಹೊರಟಾಗ ಕಾಲೇಜಿನ ಶುಲ್ಕ. ಒಂದೊಂದು ಸಲ ತೆರೆದಾಗಲೂ ಕಾರಣ ನ್ಯಾಯವಾದದ್ದೇ. ಸ್ವಜನರ ಪಾಲನ್ನೂ ಅರ್ಥದ ಪಾಲನ್ನೂ ಅವರು ತುಂಬಿ ಕೊಟ್ಟರು. ತಮ್ಮ ಪಾಲಿನಿಂದಲೇ ಕೊಟ್ಟರು. ನಾವು ಗಳಿಸುವಂತಾಗಿ, ಹಣವನ್ನು ಅವರ ಮುಂದಿಟ್ಟು ಹೊರಡೋಣವೆಂದಾಗ ಅವರ ಮೊಣಕಾಲುಗಳು ಗುಡಿಯ ಮೂರು ಮೆಟ್ಟಿಲುಗಳಿಗೇ ಮುಷ್ಕರ ಹೂಡಿದ್ದವು. ಅಷ್ಟು ಎತ್ತರದ ಸ್ಥಳಕ್ಕೆ ಈ ಹೃದಯ ತಡೆಯಲಾರದೆಂದು ವೈದ್ಯರೂ ಹೇಳಿದರು. "ಇರಲಿ ಬಿಡಪ್ಪಾ, ನೀ ಹೋಗಿ ಬಾ" ಎಂದರು. ನಾವು ಇನ್ನೂ ಹೋಗಿಲ್ಲ. ಹೋಗಲು ಮನಸ್ಸಾಗಿಲ್ಲ.

ಇದನ್ನು ಆ ಗೃಹಸ್ಥರಿಗೆ ಹೇಳಿದೆವು. ಅವರು ಏನೂ ನುಡಿಯದೆ ನಮಸ್ಕರಿಸಿ ಹೋದರು.

ಕಾರ್ತಿಕ ಮಾಸದ ಒಂದು ಸಂಜೆ ಅವರು ನಮ್ಮ ಮನೆಗೆ ಬಂದರು. ತಾಯಿಯವರನ್ನು ರಾತ್ರಿಯ ಬಸ್ಸಿನಲ್ಲಿ ಕರೆದುಕೊಂಡು ಹೋಗಿ ಉಡುಪಿಯಲ್ಲಿ ಎರಡು ದಿನವಿದ್ದು ಬಂದಿದ್ದರು. ಮುದುಕಿಯವರು ಕಿಂಡಿಯ ಮುಂದಿನಿಂದ ಸರಿಯಲೊಲ್ಲದೆ, ಹಿಂದಿನವರೆಲ್ಲ ಕಾಯಬೇಕಾಯಿತೆಂದು ನಗುತ್ತ ಹೇಳಿದರು. ಮಗಳ ವಿವಾಹವನ್ನು ಊರಿನ ಮಠದ ಆವರಣದಲ್ಲಿ ಒಂದೇ ದಿನಕ್ಕೆ ಮುಗಿಸಲು ಬೀಗರೂ ಒಪ್ಪಿದ್ದಾರಂತೆ. ಆದರೆ ಮನೆಯ ಹೆಂಗಸರಿಗೆ ಇನ್ನೂ ಪೂರ್ತಿ ಸಮಾಧಾನವಿಲ್ಲವೆಂಬುದನ್ನೂ ಮುಚ್ಚಿಡಲಿಲ್ಲ. ತಂದಿದ್ದ ಪ್ರಸಾದವನ್ನು ನಮ್ಮ ತೀರ್ಥರೂಪರ ಕೈಗಿತ್ತರು. ಅವರು ಯಾವ ಪ್ರಸಾದವನ್ನೇ ಆಗಲಿ ಅರ್ಧ ಮುರಿದು ಮೊಮ್ಮಕ್ಕಳಿಗೆಂದು ಉತ್ತರೀಯದ ತುದಿಗೆ ಗಂಟು ಹಾಕುವವರು. ಅಂದೂ ಕೈ ಉತ್ತರೀಯದ ಕಡೆಗೆ ಹೋಯಿತು. ಮೊಮ್ಮಗಳು, "ಅಜ್ಜಾ, ನನಗೂ ಕೊಟ್ಟಾರ, ನೀ ತಿನ್ನು" ಎಂದಳು. ಕಣ್ಣಿಗೊತ್ತಿಕೊಂಡು ಪೂರ್ತಿಯಾಗಿ ಬಾಯಿಗೆ ಹಾಕಿಕೊಂಡರು.

॥ ಶ್ರೀಕೃಷ್ಣಾರ್ಪಣಮಸ್ತು ॥